ಖಾಲಿ ಬಂದ ಹಸುವಿನ ಲೆಕ್ಕ

ಈ ಸಲದ ಯುಗಾದಿ ಊಟದ ದಿನ ಹಿರಿಯರೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರು ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದವರು. ಕೃಷ್ಣಾ ನದಿಯ ದಂಡೆಯ ಊರು, ಎಪ್ಪತ್ತು ದಾಟಿದ ವಯಸ್ಸು, ಜೀವಮಾನವೆಲ್ಲ ಒಕ್ಕಲುತನ. ಸಂಘದಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನೀವಿಬ್ರೂ ಏನ್ ಕೆಲಸಾ ಮಾಡ್ತೀರಿ?" ಎಂದರು. ದನಗಳ ಭ್ರೂಣ ವರ್ಗಾವಣೆಯ ಕೆಲಸ ಎಂದೆವು. ಹಾಲಿನ ದನವೇನು ಎಂದು ಕೇಳಿದರು. ಅಲ್ಲ, ಮಾಂಸದ ದನ ಎಂದೆವು. ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. "ಗಬ್ಬ ನಿಂದರಸೂದು ಪುಣ್ಯದ ಕೆಲಸ. ಕೊಲ್ಲಾಕ ಬೆಳಸೂದು ಪಾಪದ ಕೆಲಸ. ನಿಮ್ಮದು ಯಾವ ಲೆಕ್ಕಕ್ಕ ಬೀಳತೈತಿ? ಆಕಳಾ ಕೊಂದು ಕೆರಾ ದಾನಾ ಮಾಡಿದ್ಹಂಗ ಆತಲ್ಲ!"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಕಾಕಾ ಅವರ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಯೋಚಿಸಿದರೆ ಹೇಗೆ ಅನ್ನಿಸಿತು. ಪೂರ್ತಿ ಉತ್ತರ ನಮ್ಮಲ್ಲಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಮೊದಲು ಕೆಲಸವೇನೆಂದು ಹೇಳಬೇಕು. ಹಸು ಸಹಜವಾಗಿ ವರ್ಷಕ್ಕೆ ಒಂದು ಕರು ಹಾಕುತ್ತದೆ. ಒಳ್ಳೆಯ ತಳಿಯ ಒಂದೇ ಹಸುವಿನಿಂದ ಹಲವು ಕರುಗಳು ಬೇಕೆಂದರೆ ಅದರ ಬಸಿರನ್ನು ಬೇರೆ ಹಸುಗಳ ಹೊಟ್ಟೆಯಲ್ಲಿ ಬೆಳೆಸಬೇಕು. ಇದಕ್ಕಾಗಿ ಆ ಹಸುವಿಗೆ ಸಾಮಾನ್ಯವಾಗಿ 4 ದಿನ, ದಿನಕ್ಕೆ 2 ಬಾರಿ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು, ಒಂದರ ಬದಲು ಹಲವು ಅಂಡಗಳು ಬಲಿಯುವಂತೆ ಮಾಡುತ್ತಾರೆ. ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ. ಅಲ್ಲಿಂದ 7ನೆಯ ದಿನ ಗರ್ಭಕೋಶವನ್ನು ಮೆತ್ತನೆಯ ನಳಿಕೆಯ ಮೂಲಕ ದ್ರಾವಣದಿಂದ ತೊಳೆದು ಭ್ರೂಣಗಳನ್ನು ಹೊರತೆಗೆಯುತ್ತಾರೆ. ಒಂದು ಸಲಕ್ಕೆ ಸರಾಸರಿ 6ರಷ್ಟು ಒಳ್ಳೆಯ ಭ್ರೂಣಗಳು ಸಿಕ್ಕಾವು. ಒಮ್ಮೊಮ್ಮೆ 20 ಸಿಗುವುದೂ ಉಂಟು, ಒಂದೂ ಸಿಗದಿರುವುದೂ ಉಂಟು. ಒಂದೊಂದೂ ಮಿಲಿಮೀಟರಿನ ಆರನೆಯ ಒಂದು ಪಾಲಿನಷ್ಟು ಗಾತ್ರದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿ ದರ್ಜೆ ಕಟ್ಟಿದ ಮೇಲೆ ಅದನ್ನು ಆ ದಿನವೇ ಇನ್ನೊಂದು ಹಸುವಿಗೆ ಹಾಕಬಹುದು. ಇಲ್ಲವೇ ಸಣ್ಣ ಪ್ಲಾಸ್ಟಿಕ್ ಸ್ಟ್ರಾದಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದು. ನಮ್ಮಿಬ್ಬರಲ್ಲಿ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕೂರುವವರು, ಇನ್ನೊಬ್ಬರು ದಾಖಲೆ ಬರೆಯುವವರು. ಕೊಡುವ ಹಸುವನ್ನು ಇಲ್ಲಿಯವರು ಡೋನರ್ ಎನ್ನುತ್ತಾರೆ, ಹೊರುವ ಹಸುವನ್ನು ರೆಸಿಪಿಯೆಂಟ್ ಎನ್ನುತ್ತಾರೆ. ಈ ಲೇಖನದಲ್ಲಿ ಕೊಡುವ ಹಸು, ಹೊರುವ ಹಸು ಎಂದೇ ಕರೆಯೋಣ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಒಂದು ಜಾತಿಯ ಮೊಲದ ಭ್ರೂಣಗಳನ್ನು ಇನ್ನೊಂದು ಜಾತಿಯ ಮೊಲದ ಹೊಟ್ಟೆಗೆ ಸೇರಿಸಿ ಮರಿ ಹಾಕಿಸಿದ. ದನಗಳಲ್ಲಿ ಮೊದಲ ಯಶಸ್ಸು ಅಮೆರಿಕದ ವಿಸ್ಕಾನ್ಸಿನ್‌ನಿಂದ 1951ರಲ್ಲಿ ವರದಿಯಾಯಿತು. ಹೆಪ್ಪುಗಟ್ಟಿಸಿಟ್ಟ ಭ್ರೂಣದಿಂದ ಮೊದಲ ಕರು 1973ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿತು. ಯೂರೋಪಿನ ದುಬಾರಿ ತಳಿಗಳ ಸಂಖ್ಯೆಯನ್ನು ಬೇಗ ಬೆಳೆಸಬೇಕೆಂಬ ಆತುರದಲ್ಲಿ ಆ ದಶಕದಲ್ಲೇ ಕೆನಡಾ ಮತ್ತು ಅಮೆರಿಕಗಳಲ್ಲಿ ಇದು ವ್ಯಾಪಾರವಾಯಿತು.

ನಮ್ಮವರಿಗೆ ಇದನ್ನು ವಿವರಿಸಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: "ಇದೆಲ್ಲ ನಮ್ಮ ಪುರಾಣದಲ್ಲೇ ಇದೆಯಲ್ಲ, ಬಲರಾಮ ಹುಟ್ಟಿದ್ದು ಹೇಗೆ?" ನಿಜ. ದೇವಕಿಯ ಏಳನೆಯ ಗರ್ಭವನ್ನು ಯೋಗಮಾಯೆ ಸೆಳೆದು ರೋಹಿಣಿಯ ಒಡಲಿಗೆ ಸೇರಿಸಿದಳು. ಸೆಳೆದು ತಂದ ಗರ್ಭದವನಾದ್ದರಿಂದಲೇ ಅವನು ಸಂಕರ್ಷಣ. ಇದು ವಿಜ್ಞಾನವಾಗಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಕತೆ ಕಟ್ಟಿದವರು ಒಂದು ವಿಷಯವನ್ನು ಮರೆಯಲಿಲ್ಲ. ಹೊತ್ತವಳಿಗೆ ಒಂದು ಹೆಸರಿಟ್ಟರು. ರೋಹಿಣಿಯ ಮಗನಾದ್ದರಿಂದ ಬಲರಾಮ ಇಂದಿಗೂ ರೌಹಿಣೇಯ. ನಮ್ಮ ದಾಖಲೆಯಲ್ಲಿ ಕೊಡುವ ಹಸುವಿಗೆ ಹೆಸರಿದೆ, ಮೂರು ತಲೆಮಾರಿನ ವಂಶಾವಳಿ ಇದೆ, ಬೆಲೆ ಇದೆ. ಹೊರುವ ಹಸುವಿಗೆ ಇರುವುದು ಕಿವಿಯಲ್ಲಿ ನೇತಾಡುವ ಹಳದಿ ಬಿಲ್ಲೆ, ಅದರ ಮೇಲೊಂದು ನಂಬರು.

ಯುಗಾದಿ ಕಳೆದು ಎರಡು ವಾರಕ್ಕೆ ಕಾಕಾ ಅವರನ್ನು ನಾವು ಕೆಲಸ ಮಾಡುವ ಒಂದು ರಾಂಚಿಗೆ ಕರೆದುಕೊಂಡು ಹೋದೆವು. ಹ್ಯೂಸ್ಟನ್ನಿನಿಂದ ಎರಡು ಗಂಟೆಯ ಹಾದಿ. ಮರದ ನೆರಳಿನಲ್ಲಿ ನಿಂತಿದ್ದ ಹೊರುವ ಹಸುಗಳನ್ನು ಕಂಡು ಅವರು ಕಾರಿನ ಬಾಗಿಲು ತೆಗೆಯುವ ಮೊದಲೇ ಕೂಗಿದರು: "ಇವು ನಮ್ಮ ಕಡೀ ದನಾ ಇದ್ದಂಗ ಅದಾವಲ್ಲ!" ಅವರ ಕಣ್ಣು ಮೋಸ ಹೋಗಿರಲಿಲ್ಲ. ಅವು ಅರ್ಧ ಹಿಯರ್‌ಫೋರ್ಡ್, ಅರ್ಧ ಬ್ರಾಹ್ಮನ್. ಇಲ್ಲಿ ಬ್ರಾಹ್ಮನ್ ಎಂದರೆ ಭಾರತದ ರಕ್ತದ ದನ. ಈ ಹೆಸರು ಕೇಳಿ ನಗದ ಕನ್ನಡಿಗರನ್ನು ನಾವಿನ್ನೂ ಕಂಡಿಲ್ಲ. 1906ರಲ್ಲಿ ಟೆಕ್ಸಾಸಿನ ಪಿಯರ್ಸ್ ರಾಂಚಿನ ಬೋರ್ಡನ್ ಎಂಬವರು ಭಾರತದಿಂದ ದನಗಳನ್ನು ಹಡಗಿನಲ್ಲಿ ತರಿಸಿದರು. ಬ್ರಾಹ್ಮನ್ ತಳಿಗಾರರ ಸಂಘ 1924ರಲ್ಲಿ ಸ್ಥಾಪನೆಯಾಯಿತು. ಆ ತಳಿಯ ಮೂಲವೆಂದು ಹೇಳುವ ನಾಲ್ಕು ಹೆಸರುಗಳಲ್ಲಿ ಮೂರು ಗುಜರಾತ್, ಆಂಧ್ರದ ಕಡೆಯವು: ಗುಜೆರಾತ್, ಗೀರ್, ನೆಲ್ಲೂರು. ನಾಲ್ಕನೆಯದು ಕೃಷ್ಣಾ ವ್ಯಾಲಿ, ನಮ್ಮ ಬೆಳಗಾವಿ-ಬಿಜಾಪುರ ಸೀಮೆಯ ಎರೆಭೂಮಿಯ ದನ. ಟ್ರ್ಯಾಕ್ಟರು ಬಂದ ಮೇಲೆ ಕೃಷ್ಣೆಯ ದಂಡೆಯಲ್ಲೇ ಆ ತಳಿ ವಿರಳವಾಗಿದೆ. ಅದರ ರಕ್ತದ ಒಂದೆರಡು ಹನಿ ಟೆಕ್ಸಾಸಿನ ಬಿಸಿಲಿನಲ್ಲಿ ಹುಲ್ಲು ಮೇಯುತ್ತಿದೆ. ಬಿಸಿಲು ತಡೆಯುತ್ತವೆ, ಕರುವನ್ನು ಚೆನ್ನಾಗಿ ನೋಡಿಕೊಳ್ಳುತ್ತವೆ ಎಂದೇ ಈ ಸೀಮೆಯಲ್ಲಿ ಇಂಥ ಮಿಶ್ರತಳಿಯ ಹಸುಗಳನ್ನು ಹೊರುವುದಕ್ಕೆ ಆರಿಸುತ್ತಾರೆ. ಕಾಕಾ ಬೇಲಿಯ ಸಂದಿಯಿಂದ ಕೈಚಾಚಿ ಒಂದರ ಗಂಗೆದೊಗಲನ್ನು ನೇವರಿಸುತ್ತ ನಿಂತರು.

ಹೊಟ್ಟೆಗೆ ಸೇರಿಸಿದ ಭ್ರೂಣಗಳೆಲ್ಲ ನಿಲ್ಲುವುದಿಲ್ಲ. ಒಳ್ಳೆಯ ದರ್ಜೆಯ ತಾಜಾ ಭ್ರೂಣವಾದರೆ 100ಕ್ಕೆ 60ರ ಮೇಲೆ, ಹೆಪ್ಪುಗಟ್ಟಿಸಿದ್ದಾದರೆ 50ರಿಂದ 60 ಗಬ್ಬ ನಿಂತರೆ ಚೆನ್ನಾಗಿ ಆಯಿತೆಂದು ಲೆಕ್ಕ. ಈ ಸಂಖ್ಯೆಯನ್ನು ಹೆಚ್ಚಿಸುವುದು ಹೇಗೆಂದು ಹಲವು ದಶಕಗಳಿಂದ ತಲೆ ಕೆಡಿಸಿಕೊಂಡವರು ಕಂಡುಕೊಂಡದ್ದು ಸ್ವಾರಸ್ಯವಾಗಿದೆ. ಭ್ರೂಣದ ದರ್ಜೆ, ಕೈಯ ಕುಶಲತೆ ಮುಖ್ಯವೇ. ಆದರೆ ಉಳಿದದ್ದೆಲ್ಲ ಹೊರುವ ಹಸುವಿನ ಸುಖದುಃಖದ ಮಾತು. ಅವಳ ಬೆದೆಯ ದಿನ ಕೊಡುವ ಹಸುವಿನ ಬೆದೆಯ ದಿನಕ್ಕೆ 24 ಗಂಟೆಯ ಒಳಗೆ ಹೊಂದಬೇಕು. ಹಿಂದಿನ ಕರು ಹಾಕಿ ಎರಡು ತಿಂಗಳಾದರೂ ಕಳೆದು ಮೈ ಸುಧಾರಿಸಿರಬೇಕು. ಮೈಕಟ್ಟನ್ನು 1ರಿಂದ 9ರವರೆಗೆ ಅಳೆಯುವ ಕ್ರಮದಲ್ಲಿ ಅವಳು 5-6ರಲ್ಲಿ ಇರಬೇಕು. ಬಡಕಲೂ ಅಲ್ಲ, ಕೊಬ್ಬಿದ್ದೂ ಅಲ್ಲ. ಮೇವು ಏರುಗತಿಯಲ್ಲಿರಬೇಕು, ಖನಿಜಗಳಿರಬೇಕು, ಶುದ್ಧ ನೀರಿರಬೇಕು, ನೆರಳಿರಬೇಕು. ಲಸಿಕೆಗಳನ್ನು ಬಹಳ ಮುಂಚೆಯೇ ಹಾಕಿ ಮುಗಿಸಿರಬೇಕು. ಭ್ರೂಣ ಹಾಕಿದ ಮುಂದಿನ ವಾರಗಳಲ್ಲಿ ಅವಳನ್ನು ಲಾರಿಗೆ ಹತ್ತಿಸಬಾರದು, ಗುಂಪು ಬದಲಿಸಬಾರದು. ಹೊಡೆಯಬಾರದು, ಕೂಗಬಾರದು, ನಾಯಿ ಬಿಡಬಾರದು. ಬೆದರಿ ಓಡುವ ದನಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆ ಎಂದು ಅಳೆದೇ ನೋಡಿದ್ದಾರೆ.

ಇನ್ನೊಂದು ಸಂಗತಿ ನಮಗೆ ಇಂದಿಗೂ ಬೆರಗು. ಭ್ರೂಣವು 16ನೆಯ ದಿನದ ಆಸುಪಾಸಿನಲ್ಲಿ ಇಂಟರ್‌ಫೆರಾನ್ ಟಾವ್ ಎಂಬ ಒಂದು ಪ್ರೋಟೀನನ್ನು ಸ್ರವಿಸುತ್ತದೆ. ಅದು "ನಾನಿದ್ದೇನೆ" ಎಂಬ ಸುದ್ದಿ. ಆ ಸುದ್ದಿ ಮುಟ್ಟಿದರೆ ಹಸುವಿನ ಒಡಲು ಬಸಿರನ್ನು ಉಳಿಸಿಕೊಳ್ಳುತ್ತದೆ. ಮುಟ್ಟದಿದ್ದರೆ ಮತ್ತೆ ಬೆದೆಗೆ ಬರುತ್ತದೆ. ತನ್ನ ರಕ್ತದ್ದಲ್ಲದ ಒಂದು ಜೀವದ ದನಿಯನ್ನು ಅವಳ ಮೈ ಕೇಳಿಸಿಕೊಂಡು ಒಪ್ಪುತ್ತದೆ. ಹೊರುವ ಹಸು ಒಂದು ಪಾತ್ರೆ ಮಾತ್ರ ಎನ್ನುವವರಿಗೆ ಇಷ್ಟು ಸಾಕು.

ಇದನ್ನೆಲ್ಲ ಕೇಳಿದ ಕಾಕಾ ತಲೆದೂಗಿದರು. "ನಮ್ಮೂರಾಗ ಬಸುರಿ ಹೆಣಮಕ್ಕಳಿಗೂ ಇಷ್ಟ ಆರೈಕಿ ಇಲ್ಲವಾ ಯವ್ವಾ," ಎಂದರು. ನಮಗೆ ಹಿಗ್ಗಾಯಿತು, ಪುಣ್ಯದ ಲೆಕ್ಕಕ್ಕೆ ಬಿದ್ದೆವು ಎಂದುಕೊಂಡೆವು. ಅಷ್ಟರಲ್ಲಿ ಅವರು ಕೇಳಿದರು: "ಖಾಲಿ ಬಂದ್ರ?"

ಖಾಲಿ ಬಂದರೆ, ಅಂದರೆ ಒಂದು ತಿಂಗಳಿಗೆ ಸ್ಕ್ಯಾನ್ ಮಾಡಿದಾಗ ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ, ಕೆಲವು ಕಡೆ ಇನ್ನೊಂದು ಅವಕಾಶ ಕೊಡುತ್ತಾರೆ. ಕೆಲವು ಕಡೆ ಹರಾಜಿಗೆ ಕಳಿಸುತ್ತಾರೆ. ಹರಾಜಿನಿಂದ ಎಲ್ಲಿಗೆ ಎಂದು ಕಾಕಾ ಕೇಳಲಿಲ್ಲ. ದನದ ಸಂತೆ ಕಂಡ ಮನುಷ್ಯ. ಗೊಡ್ಡು ದನ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಜರ್ಮನಿಯ ತತ್ವಜ್ಞಾನಿ ಕ್ಯಾಂಟ್ 1785ರ ತನ್ನ ಗ್ರಂಥದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಟ್ಟಿದ್ದಾನೆ. ಅವನು ಏನೂ ಅರಿಯದ ಮಗು ಬಂದರೂ ಮೋಸ ಮಾಡುವುದಿಲ್ಲ, ಎಲ್ಲರಿಗೂ ಒಂದೇ ಬೆಲೆ. ಆದರೆ ವ್ಯಾಪಾರ ಉಳಿಯಬೇಕೆಂದು ಅವನು ಹಾಗೆ ಮಾಡುತ್ತಿದ್ದರೆ ಅದನ್ನು ಪ್ರಾಮಾಣಿಕತೆ ಎನ್ನಬಹುದೇ ಎಂಬುದು ಕ್ಯಾಂಟನ ಪ್ರಶ್ನೆ. ನಮ್ಮ ಗೀತೆಯ ಭಾಷೆಯಲ್ಲಿ ಹೇಳುವುದಾದರೆ ಇದು ಫಲದ ಮೇಲೆ ಕಣ್ಣಿಟ್ಟ ಕರ್ಮ. ನಮ್ಮ ಕೆಲಸದಲ್ಲಂತೂ ಫಲ ಎಂದರೆ ಅಕ್ಷರಶಃ ಹೊಟ್ಟೆಯೊಳಗಿನ ಫಲವೇ. ನೆರಳು, ನೀರು, ಮೆಲುದನಿ ಎಲ್ಲವೂ ಆ ಫಲಕ್ಕಾಗಿ.

ಹಾಗೆಂದು ಲಾಭಕ್ಕಾಗಿ ಮಾಡಿದ ಆರೈಕೆಯನ್ನು ನಾವು ಹೀಗಳೆಯುವುದಿಲ್ಲ. ಹಸುವಿಗೆ ನೆರಳು ನೆರಳೇ. ಮರ ನೆಟ್ಟವನ ಮನಸ್ಸಿನಲ್ಲಿ ಏನಿತ್ತೆಂದು ಅದು ಕೇಳುವುದಿಲ್ಲ. ಕಾಕಾ ತಮ್ಮ ಎತ್ತುಗಳಿಗೆ ಹಿಂಡಿ ತಿನ್ನಿಸಿದ್ದೂ ನೇಗಿಲಿಗಾಗಿಯೇ. ದನಗಳು ಬೆದರದಂತೆ ಓಣಿಗಳನ್ನು ಬಾಗಿಸಿ ಕಟ್ಟುವುದನ್ನು ಹೇಳಿಕೊಟ್ಟ ಕೊಲೊರಾಡೋದ ಪ್ರಾಧ್ಯಾಪಕಿ ಟೆಂಪಲ್ ಗ್ರಾಂಡಿನ್ ಅಂಥ ಓಣಿಗಳನ್ನು ಕಸಾಯಿಖಾನೆಗಳಿಗೂ ರಚಿಸಿಕೊಟ್ಟವರು. ನಾವು ಹುಟ್ಟಿಸಿ ಬೆಳೆಸುವ ಪ್ರಾಣಿಗೆ ನೆಮ್ಮದಿಯ ಬದುಕನ್ನು ಕೊಡುವ ಋಣ ನಮ್ಮ ಮೇಲಿದೆ ಎಂಬುದು ಅವರ ನಿಲುವು. ಅವರಿಂದ ಅದೆಷ್ಟೋ ದನಗಳ ಭಯ ಕಡಿಮೆಯಾಯಿತು, ಇದು ಸಣ್ಣ ಮಾತಲ್ಲ.

ಲಾಭವೂ ದಯೆಯೂ ಒಂದೇ ದಾರಿಯಲ್ಲಿ ಹೋಗುವಷ್ಟು ದೂರ ನಮ್ಮಲ್ಲಿ ಇರುವುದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಎರಡೂ ಬೇರೆಯಾಗುವ ಕವಲಿನಲ್ಲಿ ಅದು ಗೊತ್ತಾಗುತ್ತದೆ. ನಮ್ಮ ಕೆಲಸದಲ್ಲಿ ಆ ಕವಲು ಎಂದರೆ ಹೊಟ್ಟೆ ಖಾಲಿ ಬಂದ ಹಸು. ಅಲ್ಲಿ ನಾವು ಹೇಗೆ ನಡೆದುಕೊಂಡೆವೆಂದು ಈಗ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ 14 ಹಸುಗಳಿಗೆ ಹೆಪ್ಪುಗಟ್ಟಿಸಿದ ಭ್ರೂಣಗಳನ್ನು ಹಾಕಿಸಿದೆವು. 11 ಖಾಲಿ ಬಂದವು. ದಾಖಲೆಯ ಹಾಳೆಯಲ್ಲಿ ಹಸುವಿನ ನಂಬರು, ಅದರ ಮುಂದೆ "ಖಾಲಿ" ಎಂದು ಬರೆದುಕೊಟ್ಟೆವು. ಆ ವಾರವೇ ಅವೆಲ್ಲ ಹರಾಜಿಗೆ ಹೋದವು. ಎರಡು ತಿಂಗಳ ಮೇಲೆ ಅದೇ ಡಬ್ಬದಲ್ಲಿ ಉಳಿದಿದ್ದ ಸ್ಟ್ರಾಗಳನ್ನು ಇನ್ನೊಂದು ಊರಿನ, ಇನ್ನೊಂದು ಹಿಂಡಿನ ಹಸುಗಳಿಗೆ ಹಾಕಿದಾಗ ಅಲ್ಲಿಯೂ ಬಹುಪಾಲು ಖಾಲಿ. ಆಗ ಎದೆ ಝಲ್ಲೆಂದಿತು. ಹಿಂದೆ ಒಂದು ದಿನ ಯಾವುದೋ ನಂಬರು ಹುಡುಕುತ್ತ ಆ ಸ್ಟ್ರಾಗಳನ್ನು ಸಾರಜನಕದ ಡಬ್ಬದ ಕತ್ತಿನವರೆಗೆ ಮೇಲೆತ್ತಿ, ಓದಿ, ಇಳಿಸಿ, ಮತ್ತೆ ಎತ್ತಿದ್ದೆವು. ಕೆಲವೇ ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಹಾಗೆ ಎತ್ತಿ ಹಿಡಿದರೆ ಒಳಗಿನ ಭ್ರೂಣ ಕೆಡಬಹುದು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಹಸುಗಳಲ್ಲಿ ದೋಷವಿರಲಿಲ್ಲ. ನಾವು ಸತ್ತ ಭ್ರೂಣವನ್ನು ಹಾಕಿಸಿ, ಅದು ಬೆಳೆಯಲಿಲ್ಲವೆಂದು ಅವುಗಳ ಹೆಸರಿಗೆ ಬರೆದಿದ್ದೆವು. ತಪ್ಪನ್ನು ಹಿಂಡಿನ ಒಡೆಯರಿಗೆ ತಿಳಿಸಿ ನಮ್ಮ ಶುಲ್ಕ ಹಿಂದಿರುಗಿಸಿದೆವು. ಹಸುಗಳನ್ನು ಹಿಂದಿರುಗಿಸುವಂತಿರಲಿಲ್ಲ.

ಆ ರಾತ್ರಿ ನಮ್ಮ ಮನೆಯಲ್ಲಿ ಮಾತು ಹಸುವಿನಿಂದ ಹೊರಟು ನಮ್ಮ ಸೋದರತ್ತೆಯ ಬಳಿ ಹೋಗಿ ನಿಂತಿತು. ಮದುವೆಯಾಗಿ ಎಂಟು ವರ್ಷ ಮಕ್ಕಳಾಗಲಿಲ್ಲವೆಂದು ಆಕೆಗೆ ಬಂಜೆ ಎಂಬ ಹೆಸರು ಬಂದಿತ್ತು. ಹಬ್ಬದಲ್ಲಿ ಆಕೆಯ ಕೈಯಿಂದ ಆರತಿ ಎತ್ತಿಸುತ್ತಿರಲಿಲ್ಲ, ತೊಟ್ಟಿಲಿನ ಹತ್ತಿರ ಬಿಡುತ್ತಿರಲಿಲ್ಲ. ಮಾವ ಇನ್ನೊಂದು ಮದುವೆ ಮಾಡಿಕೊಂಡರು. ಎರಡನೆಯವರಿಗೂ ಮಕ್ಕಳಾಗಲಿಲ್ಲ. ಆಗ ಊರಿಗೆ ವಿಷಯ ಅರ್ಥವಾಯಿತು. ಆದರೆ ಯಾರೂ ಬಂದು ಅತ್ತೆಗೆ "ತಪ್ಪಾಯಿತು" ಎನ್ನಲಿಲ್ಲ. ಬಂಜೆ ಎಂಬ ಮಾತೂ ಆಕೆ ಸಾಯುವವರೆಗೆ ಹೋಗಲಿಲ್ಲ. ಹೆಣ್ಣಿಗೂ ಹಸುವಿಗೂ ಸಮ ಎಂದು ನಾವು ಹೇಳುತ್ತಿಲ್ಲ. ಅತ್ತೆಗೆ ಮಾತು ಬರುತ್ತಿತ್ತು, ಆಡಲು ಬಿಡಲಿಲ್ಲ. ಹಸುವಿಗೆ ಮಾತೇ ಇಲ್ಲ. ಫಲ ಬಾರದಿದ್ದಾಗ ಮಾತಿಲ್ಲದವರ ಹೆಸರಿಗೆ ಸೋಲನ್ನು ಬರೆಯುವುದು ಮಾತ್ರ ಎರಡು ಕಡೆಯೂ ಒಂದೇ ಚಾಳಿ. ಅತ್ತೆಗಾಗಿ ಕಣ್ಣೀರು ಹಾಕಿದ ನಾವೇ ಹಾಳೆಯ ಮೇಲೆ ಹನ್ನೊಂದು ಸಲ ಅದನ್ನೇ ಬರೆದಿದ್ದೆವು.

ಅಂದಿನಿಂದ ನಮ್ಮ ದಾಖಲೆಯ ಹಾಳೆಯನ್ನು ಬದಲಾಯಿಸಿದೆವು. ಹಸುವಿನ ನಂಬರಿನ ಪಕ್ಕದಲ್ಲಿ ಭ್ರೂಣದ ದರ್ಜೆ, ಡಬ್ಬದ ಚರಿತ್ರೆ, ಹೆಪ್ಪು ಕರಗಿಸಿದ ನೀರಿನ ಬಿಸಿ, ಹಾಕಿದವರ ಹೆಸರು, ಆ ದಿನದ ಸೆಕೆ ಇವೆಲ್ಲ ಇವೆ. ಖಾಲಿ ಬಂದಾಗ "ಹಸು ಖಾಲಿ" ಎಂದು ಬರೆಯುವುದಿಲ್ಲ, "ಗಬ್ಬ ನಿಲ್ಲಲಿಲ್ಲ" ಎಂದು ಬರೆಯುತ್ತೇವೆ. ಕಾರಣವನ್ನು ನಮ್ಮ ಕೈಯಿಂದ ಹುಡುಕಲು ಆರಂಭಿಸಿ ಕೊನೆಯಲ್ಲಿ ಹಸುವಿನ ಹತ್ತಿರ ಹೋಗುತ್ತೇವೆ. ನಮ್ಮ ಪಾಲು ತೀರ್ಮಾನವಾಗುವವರೆಗೆ ಅವಳನ್ನು ಕಳಿಸಬೇಡಿ, ಇನ್ನೊಂದು ಅವಕಾಶ ಕೊಡಿ ಎಂದು ಹಿಂಡಿನವರನ್ನು ಕೇಳಿಕೊಳ್ಳುತ್ತೇವೆ. ಕೆಲವರು ಒಪ್ಪುತ್ತಾರೆ. ಬರಗಾಲದ ವರ್ಷದಲ್ಲಿ ಖಾಲಿ ಹಸುವಿಗೆ ಹುಲ್ಲು ಕೊಂಡು ಹಾಕುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅವರು ಒಪ್ಪುವುದಿಲ್ಲ. ಅವರನ್ನು ದೂರುವ ಅಧಿಕಾರ ನಮಗಿಲ್ಲ.

ಕೊಲ್ಲುವ ವಿಷಯಕ್ಕೆ ಏನು ಹೇಳುತ್ತೀರಿ ಎಂದು ಓದುಗರು ಕೇಳಬಹುದು. ಭ್ರೂಣ ವರ್ಗಾವಣೆಯಿಂದ ಹುಟ್ಟುವ ಕರುಗಳು ಹೆಚ್ಚಾಗಿ ತಳಿಗಾಗಿ ಉಳಿಯುತ್ತವೆ, ನೇರವಾಗಿ ಮಾಂಸಕ್ಕೆ ಹೋಗುವುದಿಲ್ಲ ಎಂಬ ಸಬೂಬನ್ನು ನಾವು ಬಹಳ ವರ್ಷ ಹೇಳಿಕೊಂಡೆವು. ಅವುಗಳ ಮಕ್ಕಳು ಮೊಮ್ಮಕ್ಕಳು ಹೋಗುತ್ತವಲ್ಲ! ನಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲ, ಆದರೆ ನಮ್ಮ ಅಕ್ಕಿ ಬೇಳೆ ಆ ದುಡ್ಡಿನಿಂದಲೇ ಬರುತ್ತದೆ. ಇದೇ ವಿದ್ಯೆಯಿಂದ ಕೃಷ್ಣಾ ವ್ಯಾಲಿಯಂಥ ಕುಗ್ಗುತ್ತಿರುವ ತಳಿಗಳನ್ನು ಉಳಿಸಬಹುದು ಎಂಬುದು ನಿಜವಾದರೂ, ನಾವು ಸದ್ಯ ಮಾಡುತ್ತಿರುವುದು ಅದಲ್ಲ. ಆದ್ದರಿಂದ ಪುಣ್ಯದ ಕಡೆ ನಮ್ಮ ಹೆಸರು ಬರೆಯಿರಿ ಎಂದು ಕೇಳುವ ಧೈರ್ಯ ನಮಗಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆವು: ದೊಡ್ಡ ಪ್ರಶ್ನೆ ಬಗೆಹರಿಯುವವರೆಗೆ ಸಣ್ಣ ಲೆಕ್ಕದಲ್ಲಿ ಸುಳ್ಳು ಬರೆಯಬಹುದು ಎಂದಾಗಬಾರದು. ಗೆದ್ದಾಗ ತೋರುವ ದಯೆಗೆ ಕೂಲಿ ಆಗಲೇ ಸಿಕ್ಕಿರುತ್ತದೆ. ಸೋತಾಗ, ಸೋತವರ ಪಕ್ಕದಲ್ಲಿ ನಿಂತು "ಇದರಲ್ಲಿ ನನ್ನ ಪಾಲೆಷ್ಟು?" ಎಂದು ಕೇಳಿಕೊಳ್ಳುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ದಯೆ ಎಂಬುದಿದ್ದರೆ ಅಲ್ಲಿಂದಲೇ ಶುರುವಾಗಬೇಕು.

ಕಾಕಾ ಕಳೆದ ತಿಂಗಳು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾವೂ ಹೋಗಿದ್ದೆವು. ನಿಮ್ಮ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ ಕಾಕಾ ಎಂದೆವು. ಅವರು ಕೈಚೀಲ ಹೆಗಲಿಗೇರಿಸುತ್ತ, "ಇರ್ಲಿ ಬಿಡ್ರಿ, ನಾನೂ ಎರಡು ಗೊಡ್ಡ ಆಕಳಾ ಸಂತಿಗೆ ಹೊಡದಾಂವ ಅದೀನಿ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಗಂಗೆದೊಗಲು ನೇವರಿಸಲು ಬಿಟ್ಟ ಆ ಹಸುವಿನ ನಂಬರು ಏನೆಂದು ಕೇಳಿದರು. 412 ಎಂದೆವು. "ಅದಕ್ಕ ಗೌರಿ ಅಂತ ಕರೀರಿ," ಎಂದು ಹೇಳಿ ಒಳಗೆ ನಡೆದರು.

412ಕ್ಕೆ ಈ ಸಲ ಗಬ್ಬ ನಿಂತಿಲ್ಲ. ಹಾಳೆಯ ಮೇಲೆ ನಂಬರಿನ ಪಕ್ಕದಲ್ಲಿ ಗೌರಿ ಎಂದು ಬರೆದಿದ್ದೇವೆ. ಇನ್ನೊಂದು ಅವಕಾಶಕ್ಕೆ ರಾಂಚಿನವರು ಒಪ್ಪಿದ್ದಾರೆ. ಈ ವಿಷಯದಲ್ಲಿ ನಮಗಿಂತ ಹೆಚ್ಚು ಯೋಚಿಸಿದವರು ಸಂಘದಲ್ಲಿ ಇದ್ದೇ ಇರುತ್ತೀರಿ. ನಿಮ್ಮ ಅಭಿಪ್ರಾಯವನ್ನು ಮುಂದಿನ ಸಂಚಿಕೆಗೆ ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಬೈದು ಬರೆದರೂ ಓದುತ್ತೇವೆ.